ನೀಲ್ ಯಂಗ್ ಆಲ್ಬಮ್‌ಗಳು: ಆಗ ಉಗಿದೋರು ಈಗ ಯಾಕೆ ಹೊಗಳ್ತಿದಾರೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ಮೊದ್ಲು ಇದು ಹೇಳಿ, ನೀಲ್ ಯಂಗ್ ಯಾರು?

ಕೆನಡಾದವನು, 1945ರಲ್ಲಿ ಟೊರಾಂಟೊದಲ್ಲಿ ಹುಟ್ಟಿದ್ದು, ಚಿಕ್ಕೋನಿದ್ದಾಗ ಪೋಲಿಯೊ ಆಗಿತ್ತು, 60ರ ದಶಕದಲ್ಲಿ ಅಮೆರಿಕಕ್ಕೆ ಬಂದು ಬಫಲೋ ಸ್ಪ್ರಿಂಗ್‌ಫೀಲ್ಡ್ ಅನ್ನೋ ಬ್ಯಾಂಡಲ್ಲಿ ಇದ್ದ, ಆಮೇಲೆ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಅನ್ನೋ ಮೂವರ ಜೊತೆ ಸೇರ್ಕೊಂಡ. 1968ರಿಂದ ತನ್ನ ಹೆಸರಲ್ಲೇ ಆಲ್ಬಮ್ ಮಾಡ್ತಾ ಬಂದಿದಾನೆ, ಎಂಬತ್ತು ಆದ್ರೂ ನಿಲ್ಸಿಲ್ಲ. ತಾನೇ ಬರೀತಾನೆ ತಾನೇ ಹಾಡ್ತಾನೆ, ನಮ್ ಕಡೆ ದಾಸರು ಮಾಡ್ತಿದ್ರಲ್ಲ ಹಾಗೆ, ಭಾವಗೀತೆ ತರ ಕವಿ ಬೇರೆ ಹಾಡೋರು ಬೇರೆ ಅಲ್ಲ. ಗಿಟಾರ್ ಕಲಿಯೋಕೆ ಹೋದೋರಿಗೆಲ್ಲ ಈಯಪ್ಪ ಗೊತ್ತು, ಯಾಕಂದ್ರೆ ಹಾರ್ಟ್ ಆಫ್ ಗೋಲ್ಡ್ ಹಾಡು ಇ ಮೈನರ್, ಸಿ, ಡಿ, ಜಿ ನಾಲ್ಕು ಕಾರ್ಡಲ್ಲಿ (ಒಟ್ಟಿಗೆ ಮೀಟೋ ಸ್ವರಗಳ ಗುಂಪು) ಹೆಚ್ಚುಕಡಿಮೆ ಮುಗಿದೋಗುತ್ತೆ, ಮೇಷ್ಟ್ರು ಮೊದಲ ತಿಂಗಳೇ ಕೊಟ್ಬಿಡ್ತಾರೆ. ಸಮಸ್ಯೆ ಏನಪ್ಪಾ ಅಂದ್ರೆ ತುಂಬಾ ಜನ ಅಲ್ಲೇ ನಿಂತೋಗ್ತಾರೆ.

ಫ್ಯಾನ್ಸ್ ಅಭಿಪ್ರಾಯ ಎಲ್ಲ ಗಾಯಕರ ವಿಷ್ಯದಲ್ಲೂ ಬದಲಾಗುತ್ತೆ, ಇವನದ್ದೇನು ಸ್ಪೆಷಲ್?

ಬೇರೆಯವರದ್ದು ಸಾಮಾನ್ಯವಾಗಿ ಒಂದೇ ದಿಕ್ಕಲ್ಲಿ ಹೋಗುತ್ತೆ, ಮೊದಮೊದಲಿನ ಆಲ್ಬಮ್ ಚೆನ್ನಾಗಿತ್ತು ಆಮೇಲೆ ಕೆಟ್ಟೋಯ್ತು ಅಂತ. ಇವನದ್ದು ಉಲ್ಟಾ ಸೀದಾ ಎರಡೂ. ಅವನಿಗೆ ದುಡ್ಡು ತಂದ್ಕೊಟ್ಟ ಆಲ್ಬಮ್ ಬಗ್ಗೆ ಫ್ಯಾನ್ಸು ಮುಜುಗರ ಪಡ್ತಾರೆ, ಮುಗ್ಗರಿಸಿದ ಆಲ್ಬಮ್ಮನ್ನ ಕಣ್ಣಿಗೆ ಒತ್ಕೊಳ್ತಾರೆ, ಕಂಪನಿನೇ ಕೇಸ್ ಹಾಕಿದ ಕಾಲದ ಆಲ್ಬಮ್ಮನ್ನ ಇವತ್ತು ಹುಡುಕಿ ಹುಡುಕಿ ತಗೋತಾರೆ. ಇದರಲ್ಲಿ ಅರ್ಧ ಪಾಲು ಅವನದ್ದೇ ಕೈವಾಡ. ಮಾಡಿದ ಆಲ್ಬಮ್ಮನ್ನ ಡ್ರಾಯರಲ್ಲಿ ಇಟ್ಕೊಳೋದು, ಬಿಟ್ಟಿದ್ದನ್ನ ವಾಪಸ್ ತಗೊಳೋದು, ಜನ ಏನು ಕೇಳ್ತಾರೋ ಅದನ್ನ ಬಿಟ್ಟು ಬೇರೆ ಎಲ್ಲಾ ಮಾಡೋದು. ಹಾಡು ಇದ್ದಂಗೇ ಇದೆ, ಅದರ ಸುತ್ತ ನಮಗೆ ಗೊತ್ತಿರೋದು ಬದಲಾಗ್ತಾ ಹೋಗಿದೆ, ಅಷ್ಟೇ ಕಥೆ. ಕೆಳಗಡೆ ಒಂದೊಂದಾಗಿ ನೋಡಿದ್ರೆ ಗೊತ್ತಾಗುತ್ತೆ.

ಹಾರ್ವೆಸ್ಟ್ ಎಲ್ಲರಿಗೂ ಇಷ್ಟ ಅಲ್ವಾ? ಹಳೇ ಫ್ಯಾನ್ಸ್ ಯಾಕೆ ಮೂಗು ಮುರೀತಾರೆ?

1972ರಲ್ಲಿ ಬಂತು, ಆ ವರ್ಷ ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟ ಆದ ಆಲ್ಬಮ್ಮು ಇದೇ, ಹಾರ್ಟ್ ಆಫ್ ಗೋಲ್ಡ್ ಅಲ್ಲಿ ನಂಬರ್ ಒನ್ ಆಯ್ತು, ಅವನ ಇಡೀ ಜೀವನದಲ್ಲಿ ಅದೊಂದೇ ನಂಬರ್ ಒನ್. ಬೆನ್ನು ನೋವಿಂದ ಎಲೆಕ್ಟ್ರಿಕ್ ಗಿಟಾರ್ ಹೊತ್ಕೊಂಡು ನಿಲ್ಲೋಕೆ ಆಗ್ತಿರ್ಲಿಲ್ಲ, ಕೂತ್ಕೊಂಡು ಅಕೂಸ್ಟಿಕ್ ನುಡಿಸ್ತಿದ್ದ, ಅದಕ್ಕೇ ಅಷ್ಟು ಮೆತ್ತಗಿದೆ. ಅಂದ್ರೆ ಇಡೀ ಪ್ರಪಂಚ ಇವನ ಸ್ಟೈಲು ಅಂದ್ಕೊಂಡಿದ್ದು ಅರ್ಧ ಡಾಕ್ಟರ್ ಸಲಹೆ.

ಜನ ಮುಗಿಬಿದ್ರೂ ವಿಮರ್ಶಕರು ಆಗಲೇ ಮುಖ ಸಿಂಡರಿಸಿದ್ರು, ರೋಲಿಂಗ್ ಸ್ಟೋನ್ ಪತ್ರಿಕೆ ಚೆನ್ನಾಗೇ ಬೈದಿತ್ತು. ಆಮೇಲೆ ಬಂದ ಹಾರ್ಡ್‌ಕೋರ್ ಫ್ಯಾನ್ಸು (ರಸ್ಟೀಸ್ ಅಂತ ಕರ್ಕೋತಾರೆ ತಮ್ಮನ್ನ ತಾವೇ) ಇದನ್ನ ರೇಡಿಯೋದೋರ ಆಲ್ಬಮ್ಮು ಅಂತ ಪಕ್ಕಕ್ಕಿಟ್ರು. ಮುಖ್ಯವಾದ ದೂರು ಎ ಮ್ಯಾನ್ ನೀಡ್ಸ್ ಎ ಮೇಡ್ ಹಾಡಿನ ಬಗ್ಗೆ, ಅದಕ್ಕೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಕರೆಸಿ ಬಾರ್ಕಿಂಗ್ ಟೌನ್ ಹಾಲಲ್ಲಿ ರೆಕಾರ್ಡ್ ಮಾಡಿದ್ದು, ಒಬ್ಬಂಟಿ ಮನುಷ್ಯ ಮುಜುಗರದಿಂದ ಹೇಳ್ಕೊಳೋ ಮಾತಿಗೆ ಹಿಂದೆ ಇಡೀ ವಾದ್ಯವೃಂದ ಧಡಾರ್ ಅಂತ ಬಂದು ಬೀಳುತ್ತೆ.

ಮಜಾ ಏನಂದ್ರೆ 2007ರಲ್ಲಿ ಲೆಕ್ಕಾಚಾರ ತಲೆಕೆಳಗಾಯ್ತು. 1971ರ ಜನವರಿಯಲ್ಲಿ ಟೊರಾಂಟೊದ ಮ್ಯಾಸಿ ಹಾಲಲ್ಲಿ ಒಬ್ನೇ ಕೂತು ಹಾಡಿದ ಕಾರ್ಯಕ್ರಮದ ರೆಕಾರ್ಡಿಂಗ್ ಆ ವರ್ಷ ಹೊರಗೆ ಬಂತು. ಅದರಲ್ಲಿ ಅದೇ ಹಾಡು ಬರೀ ಪಿಯಾನೋ ಮೇಲೆ, ಮಧ್ಯದಲ್ಲಿ ಹಾರ್ಟ್ ಆಫ್ ಗೋಲ್ಡ್ ಬಂದು ಸೇರ್ಕೊಳುತ್ತೆ, ಇನ್ನೂ ಯಾರೂ ಕೇಳಿರದ ಹಾಡು ಅದು, ಹಾಲಲ್ಲಿರೋ ಜನಕ್ಕೆ ಮುಂದೆ ಏನಾಗುತ್ತೆ ಅನ್ನೋ ಸುಳಿವೇ ಇಲ್ಲ. ಹಾರ್ವೆಸ್ಟ್ ಬದಲು ಇದನ್ನೇ ಬಿಡೋಣ ಅಂತ ಪ್ರೊಡ್ಯೂಸರ್ ಡೇವಿಡ್ ಬ್ರಿಗ್ಸ್ ಆಗಲೇ ಪಟ್ಟು ಹಿಡಿದಿದ್ದನಂತೆ, ಇವನು ಕೇಳ್ಲಿಲ್ಲ, ಆಮೇಲೆ ಅವನು ಹೇಳಿದ್ದೇ ಸರಿ ಇತ್ತು ಅಂತ ಒಪ್ಕೊಂಡ. ಅದನ್ನ ಕೇಳಿದ ಮೇಲೆ ಹಳೇ ಫ್ಯಾನ್ಸು ಹಾರ್ವೆಸ್ಟ್ ಹಾಡುಗಳು ಕೆಟ್ಟದಲ್ಲ, ಅದಕ್ಕೆ ಹಾಕಿದ ಬಟ್ಟೆ ಜಾಸ್ತಿ ಆಗಿತ್ತು ಅಂತ ಹೇಳೋಕೆ ಶುರು ಮಾಡಿದ್ರು. ನನ್ ಪ್ರಕಾರ ಹಾರ್ವೆಸ್ಟ್ ಅಷ್ಟು ಬೈಸ್ಕೊಳೋ ಆಲ್ಬಮ್ಮಲ್ಲ, ಅಷ್ಟು ಹೊಗಳಿಸ್ಕೊಳೋದೂ ಅಲ್ಲ.

ಡಿಚ್ ಟ್ರೈಲಜಿ ಡಿಚ್ ಟ್ರೈಲಜಿ ಅಂತಾರಲ್ಲ, ಏನದು?

ಹಾರ್ಟ್ ಆಫ್ ಗೋಲ್ಡ್ ನನ್ನನ್ನ ನಡುರಸ್ತೆಗೆ ತಂದು ಬಿಡ್ತು, ಅಲ್ಲಿ ಬೋರಾಯ್ತು, ಅದಕ್ಕೆ ಪಕ್ಕದ ಹಳ್ಳಕ್ಕೆ (ಅದೇ ಡಿಚ್) ಗಾಡಿ ಇಳಿಸ್ದೆ, ಅಲ್ಲಿ ಸಿಕ್ಕ ಜನ ಇನ್ನೂ ಇಂಟರೆಸ್ಟಿಂಗ್ ಆಗಿದ್ರು ಅನ್ನೋ ಅರ್ಥದಲ್ಲಿ 1977ರ ಡಿಕೇಡ್ ಅನ್ನೋ ಸಂಗ್ರಹದ ಟಿಪ್ಪಣಿಯಲ್ಲಿ ಬರ್ಕೊಂಡಿದಾನೆ. ಆ ಹಳ್ಳದ ಮೂರು ಆಲ್ಬಮ್ಮು: ಟೈಮ್ ಫೇಡ್ಸ್ ಅವೇ (1973), ಆನ್ ದ ಬೀಚ್ (1974), ಟುನೈಟ್ಸ್ ದ ನೈಟ್ (1975). ರೆಕಾರ್ಡ್ ಆದ ಕ್ರಮ ಬೇರೆ, ಟುನೈಟ್ಸ್ ದ ನೈಟ್ ಮುಕ್ಕಾಲು ಪಾಲು 1973ರಲ್ಲೇ ಆಗಿತ್ತು, ಎರಡು ವರ್ಷ ಬಿಡದೆ ಇಟ್ಕೊಂಡಿದ್ದ.

ಮೂರೂ ಆಗ ಹಾರ್ವೆಸ್ಟ್ ಮುಂದೆ ಏನೂ ಮಾರಾಟ ಆಗ್ಲಿಲ್ಲ. ಇವತ್ತು ಯಾವ ರಸ್ಟೀನ ಕೇಳಿದ್ರೂ ಮೊದಲ ಐದರಲ್ಲಿ ಇವುಗಳಲ್ಲಿ ಎರಡು ಇರುತ್ತೆ.

ಟುನೈಟ್ಸ್ ದ ನೈಟ್ ಆಗಿನ ಜನಕ್ಕೆ ಯಾಕೆ ಹಿಡಿಸ್ಲಿಲ್ಲ?

ಇದಕ್ಕೆ ಸ್ವಲ್ಪ ಹಿಂದೆ ಹೋಗ್ಬೇಕು. ಕ್ರೇಜಿ ಹಾರ್ಸ್ ಅನ್ನೋದು ಇವನ ಜೊತೆಗಿರೋ ಬ್ಯಾಂಡು, ಅದರ ಗಿಟಾರಿಸ್ಟ್ ಡ್ಯಾನಿ ವಿಟನ್ ಹೆರಾಯಿನ್ ಚಟಕ್ಕೆ ಬಿದ್ದಿದ್ದ. 1972ರ ನವೆಂಬರ್‌ನಲ್ಲಿ ಟೂರ್‌ಗೆ ರಿಹರ್ಸಲ್ ನಡೀತಿದ್ದಾಗ ಅವನ ಕೈಲಿ ನುಡಿಸೋಕೇ ಆಗ್ಲಿಲ್ಲ, ಯಂಗ್ ಅವನಿಗೆ ಐವತ್ತು ಡಾಲರು ಮತ್ತೆ ಲಾಸ್ ಏಂಜಲೀಸ್‌ಗೆ ವಿಮಾನದ ಟಿಕೆಟ್ ಕೊಟ್ಟು ಕಳಿಸ್ದ. ಅವತ್ತು ರಾತ್ರಿನೇ ಡ್ಯಾನಿ ತೀರ್ಕೊಂಡ. ಮುಂದಿನ ವರ್ಷ ಜೂನಲ್ಲಿ ಬ್ರೂಸ್ ಬೆರ್ರಿ, ಇವರ ವಾದ್ಯ ಸಾಗಿಸ್ತಿದ್ದ ಹುಡುಗ, ಅವನೂ ಡ್ರಗ್ಸಿಂದ ಹೋದ. ಆಮೇಲೆ ಹಾಲಿವುಡ್‌ನ ಒಂದು ರಿಹರ್ಸಲ್ ಜಾಗದಲ್ಲಿ ಎಲ್ಲರೂ ರಾತ್ರಿ ರಾತ್ರಿ ಕುಡ್ಕೊಂಡು ಕೂತು ಈ ಆಲ್ಬಮ್ ಹಾಡಿದ್ರು, ಮೈಕಿಂದ ದೂರ ಹೋದ್ರೆ ಹೋಗ್ಲಿ, ಶ್ರುತಿ ತಪ್ಪಿದ್ರೆ ತಪ್ಲಿ, ಒಂದನ್ನೂ ತಿದ್ದಲಿಲ್ಲ. ಟೈಟಲ್ ಹಾಡಲ್ಲಿ ಬ್ರೂಸ್ ಬೆರ್ರಿ ಹೆಸರೇ ಬರುತ್ತೆ.

ಈಗ ಆಗಿನ ಪ್ರೇಕ್ಷಕರ ಜಾಗದಲ್ಲಿ ನಿಂತ್ಕೊಂಡು ನೋಡಿ. 1973ರ ಕೊನೆಗೆ ಇಂಗ್ಲೆಂಡಲ್ಲಿ ಟೂರು, ಟಿಕೆಟ್ ತಗೊಂಡು ಬಂದಿರೋದು ಹಾರ್ಟ್ ಆಫ್ ಗೋಲ್ಡ್ ಕೇಳೋಕೆ, ಸ್ಟೇಜ್ ಮೇಲೆ ಒಂದು ಡಬ್ಬಾ ತಾಳೆಮರ, ಮಂದ ಬೆಳಕು, ಗಡ್ಡ ಬಿಟ್ಕೊಂಡು ಕಪ್ಪು ಕನ್ನಡಕ ಹಾಕಿರೋ ಈಯಪ್ಪ ಮಯಾಮಿ ಬೀಚಿಗೆ ಸ್ವಾಗತ ಅಂತಾನೆ, ಆಮೇಲೆ ಯಾರೂ ಕೇಳಿರದ ಹಾಡುಗಳು ಒಂದಾದ ಮೇಲೊಂದು, ಆಲ್ಬಮ್ಮು ಬರೋಕೆ ಇನ್ನೂ ಒಂದೂವರೆ ವರ್ಷ ಇದೆ. ಕೊನೆಗೆ ಈಗ ನಿಮಗೆ ಗೊತ್ತಿರೋ ಒಂದು ಹಾಡು ಹಾಡ್ತೀನಿ ಅಂತಾನೆ, ಜನ ಚಪ್ಪಾಳೆ ಹೊಡೀತಾರೆ, ಇವನು ಶುರುವಲ್ಲಿ ಹಾಡಿದ ಟುನೈಟ್ಸ್ ದ ನೈಟನ್ನೇ ಮತ್ತೆ ಶುರು ಮಾಡ್ತಾನೆ. ಒಂದು ಲೆಕ್ಕದಲ್ಲಿ ನಿಜಾನೇ ಹೇಳಿದ, ಆದ್ರೆ ದುಡ್ಡು ಕೊಟ್ಟು ಬಂದೋರು ಕೂಗಾಡದೆ ಇನ್ನೇನ್ ಮಾಡ್ತಾರೆ. ಅವರನ್ನ ಇವತ್ತು ರಸಿಕರಲ್ಲ ಅಂತ ಹೀಯಾಳಿಸೋದು ನನಗೆ ಸರಿ ಕಾಣಲ್ಲ. ಡ್ಯಾನಿ ಯಾರು, ಬ್ರೂಸ್ ಯಾರು, ಸಭಾಂಗಣದಲ್ಲಿ ಕೂತಿದ್ದ ಯಾರಿಗ್ ಗೊತ್ತಿತ್ತು. ಆಲ್ಬಮ್ ಜೊತೆ ಇಟ್ಟಿದ್ದ ಚೀಟಿಯಲ್ಲಿ ಅವನೇ ಕ್ಷಮೆ ಕೇಳಿದಾನೆ, ನಿಮಗೆ ಈ ಜನ ಗೊತ್ತಿಲ್ಲ, ಇದರಿಂದ ನಿಮಗೇನೂ ಅನ್ಸಲ್ಲ ಅಂತ.

ಕಥೆ ಗೊತ್ತಾದ ಮೇಲೆ ಬಂದ ತಲೆಮಾರಿಗೆ ಅದೇ ಒಡಕು ದನಿ ಶೋಕ ಅಂತ ಕೇಳ್ಸುತ್ತೆ. 2018ರಲ್ಲಿ ಆ ಕಾಲದ್ದೇ ರಾಕ್ಸಿ ಕ್ಲಬ್ಬಿನ ಲೈವ್ ರೆಕಾರ್ಡಿಂಗ್ ಬಂತು, ಅದನ್ನ ಕೇಳಿದ್ರೆ ಇನ್ನೊಂದು ವಿಷ್ಯ ಗೊತ್ತಾಗುತ್ತೆ, ಅಲ್ಲಿ ಎಲ್ರೂ ನಗ್ತಿದಾರೆ ಜೋಕ್ ಮಾಡ್ತಿದಾರೆ. ತಿಥಿ ಮನೇಲಿ ರಾತ್ರಿ ಹತ್ತರ ಮೇಲೆ ನೆಂಟರು ಸೇರ್ಕೊಂಡು ಹೋದವರ ಬಗ್ಗೆ ಹಳೇ ತಮಾಷೆ ಹೇಳ್ಕೊಂಡು ನಗ್ತಾರಲ್ಲ, ಅದೇ ನಗು.

ಆನ್ ದ ಬೀಚ್ ನಿಜವಾಗ್ಲೂ ಅಷ್ಟು ದೊಡ್ಡ ಆಲ್ಬಮ್ಮಾ, ಇಲ್ಲ ಸಿಗ್ತಿರ್ಲಿಲ್ಲ ಅಂತ ಹಾಗೆ ಹೇಳೋದಾ?

ಎರಡೂ. ಸಿಡಿ ಬಂದು ಎಲ್ಲರ ಹಳೇ ಆಲ್ಬಮ್ಮು ಸಿಡಿಗೆ ಬಂದ್ರೂ ಇದನ್ನ 2003ರವರೆಗೂ ಬಿಡ್ಲಿಲ್ಲ, ಇದೊಂದೇ ಅಲ್ಲ ಇನ್ನೂ ಕೆಲವು ಹಾಗೇ ಇದ್ವು. ಫ್ಯಾನ್ಸ್ ಸಹಿ ಸಂಗ್ರಹ ಮಾಡಿ ಮನವಿ ಕೊಟ್ರು. ಎಲ್‌ಪಿ ಇದ್ದೋರು ಕ್ಯಾಸೆಟ್‌ಗೆ ಹಾಕ್ಕೊಟ್ಟು, ಆ ಕ್ಯಾಸೆಟ್ಟಿಂದ ಇನ್ನೊಂದು ಕ್ಯಾಸೆಟ್ಟಿಗೆ, ಹೀಗೆ ನಾಲ್ಕನೇ ಕೈಗೆ ಬರೋಷ್ಟರಲ್ಲಿ ಹಾಡಿಗಿಂತ ಗುಂಯ್ ಅನ್ನೋ ಸದ್ದೇ ಜಾಸ್ತಿ. ಕೈಗೆಟುಕದ ದ್ರಾಕ್ಷಿ ಹುಳಿ ಅಂತಾರೆ, ಫ್ಯಾನ್ಸ್ ವಿಷ್ಯದಲ್ಲಿ ಅದು ಉಲ್ಟಾ.

ಆದ್ರೂ 2003ರಲ್ಲಿ ಸಿಡಿ ಬಂದ ಮೇಲೆ ಅಯ್ಯೋ ಇಷ್ಟೇನಾ ಅಂತ ಅನ್ಸ್ಲಿಲ್ಲ, ಅದೇ ಅದರ ಗಟ್ಟಿತನ. ಕವರ್ ನೋಡಿ, ಸಾಂತಾ ಮೋನಿಕಾ ಬೀಚಲ್ಲಿ ಹಳದಿ ಕೋಟು ಹಾಕ್ಕೊಂಡು ನಮಗೆ ಬೆನ್ನು ಹಾಕಿ ನಿಂತಿದಾನೆ, ಕ್ಯಾಡಿಲಾಕ್ ಕಾರಿನ ಹಿಂಭಾಗದ ರೆಕ್ಕೆ ಒಂದು ಮರಳಲ್ಲಿ ಹೂತೋಗಿದೆ, ಟೇಬಲ್ ಕೆಳಗಡೆ ಬಿದ್ದಿರೋ ಪೇಪರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡ್ಬೇಕು ಅಂತ ಒಬ್ಬ ಸೆನೆಟರ್ ಕೇಳಿದ ಸುದ್ದಿ. ಆಲ್ಬಮ್ ಬಂದಿದ್ದು ಜುಲೈ 1974, ನಿಕ್ಸನ್ ಹೋಗಿದ್ದು ಆಗಸ್ಟ್. ಎರಡನೇ ಸೈಡಲ್ಲಿ ಮೂರೇ ಹಾಡು, ಮೂರೂ ನಿಧಾನ, ಕೊನೇದು ಆಂಬುಲೆನ್ಸ್ ಬ್ಲೂಸ್ ಒಂಬತ್ತು ನಿಮಿಷದ ಹತ್ರ ಹೋಗುತ್ತೆ, ಎಲ್ಲೂ ಆತುರ ಇಲ್ಲ. ಹಸಿದ ಹೊಟ್ಟೆಗೆ ಸಿಕ್ಕಿದ್ದೆಲ್ಲ ರುಚಿ ಅನ್ನೋರು ಆ ಸೈಡ್ ಒಂದ್ಸಲ ಪೂರ್ತಿ ಕೇಳ್ಬೇಕು. ಮೊದಲನೇ ಸೈಡು ಮಾತ್ರ ಅಷ್ಟೊಂದಿಲ್ಲ, ಇದನ್ನ ಹೇಳಿದ್ರೆ ಜಗಳಕ್ಕೆ ಬರ್ತಾರೆ.

ಟೈಮ್ ಫೇಡ್ಸ್ ಅವೇ?

ಡ್ಯಾನಿ ಸತ್ತ ಮೇಲೆ ಹೊರಟ ಟೂರಿನ ಲೈವ್ ಆಲ್ಬಮ್ಮು, ಆದ್ರೆ ಎಲ್ಲಾ ಹೊಸ ಹಾಡು. ಅದೇ ತನ್ನ ಅತಿ ಕೆಟ್ಟ ಆಲ್ಬಮ್ಮು ಅಂತ ಅವನೇ ಎಷ್ಟೋ ಸಲ ಹೇಳಿದಾನೆ, ದಶಕಗಟ್ಟಲೆ ಮರುಬಿಡುಗಡೆ ಮಾಡ್ಲೇ ಇಲ್ಲ, 2014ರಲ್ಲಿ ಎಲ್‌ಪಿ ಬಂತು, 2017ರಲ್ಲಿ ಸಿಡಿ. ಫ್ಯಾನ್ಸ್ ಅವನ ಮಾತು ಒಪ್ಪಲ್ಲ. ನಾನಂತೂ ಅವನ ಪರ ಅಲ್ಲ ಫ್ಯಾನ್ಸ್ ಪರ, ದನಿ ಕಿತ್ತೋಗಿರೋದು ನಿಜ, ಆದ್ರೆ ಡೋಂಟ್ ಬಿ ಡಿನೈಡ್ ಒಂದಕ್ಕೇ ದುಡ್ಡು ವಸೂಲ್.

ಟ್ರಾನ್ಸ್ ಆಲ್ಬಮ್ ಕೇಳ್ದೆ, ರೋಬೋಟ್ ದನಿ ಬರ್ತಿದೆ, ಇದು ನಿಜವಾಗ್ಲೂ ಅವನದ್ದೇನಾ?

ಅವನದ್ದೇ. ಈ ಪ್ರಶ್ನೆ 1982ರಲ್ಲೇ ಶುರುವಾಗಿದ್ದು, ಆ ಡಿಸೆಂಬರ್ ಕೊನೆಗೆ ಆಲ್ಬಮ್ ಬಂದಾಗ ಪ್ಲೇಯರ್ ಕೆಟ್ಟೋಗಿದ್ಯಾ ಅಂತ ಅನ್ಸೋ ಹಂಗೇ ಇತ್ತು. ಒಂಬತ್ತು ಹಾಡು, ಅದರಲ್ಲಿ ಆರರಲ್ಲಿ ವೋಕೋಡರ್, ಅಂದ್ರೆ ಮನುಷ್ಯರ ದನಿ ತಗೊಂಡು ಸಿಂಥಸೈಜರ್ ಸ್ವರದಲ್ಲಿ ಮಾತಾಡ್ಸೋ ಯಂತ್ರ, ಜರ್ಮನಿಯ ಕ್ರಾಫ್ಟ್‌ವರ್ಕ್ ಬ್ಯಾಂಡ್ ಬಳಸ್ತಿತ್ತಲ್ಲ ಅದು. ಉಳಿದ ಮೂರು ಬೇರೆ ಒಂದು ಆಲ್ಬಮ್ಮಿಂದ ತಂದು ಸೇರ್ಸಿದ್ದು, ಅದು ಬೇಡ ಅಂತ ಕಂಪನಿ ವಾಪಸ್ ಕಳಿಸಿತ್ತು, ಹಾಗಾಗಿ ಮೊದಲ ಹಾಡು ಮಾಮೂಲಿ ಪ್ರೇಮಗೀತೆ, ಎರಡನೇದಕ್ಕೆ ರೋಬೋಟು. ಕೇಳೋರಿಗೆ ತಲೆ ಬುಡ ಗೊತ್ತಾಗ್ದೇ ಇದ್ದಿದ್ದು ಅವರ ತಪ್ಪಲ್ಲ. ಹಳೇ ಫ್ಯಾನ್ಸ್ ಇದನ್ನ ಜೋಕ್ ಅಂದ್ಕೊಂಡ್ರು, ಸಿಂಥ್ ಪಾಪ್ ಕೇಳ್ತಿದ್ದ ಹುಡುಗರು ಮುದುಕ ನಮ್ ಗಾಡಿ ಹತ್ತೋಕೆ ಬಂದ ಅಂದ್ಕೊಂಡ್ರು.

ಅವನು ಬಾಯಿ ಬಿಟ್ಟು ಹೇಳ್ದೇ ಇದ್ದ ವಿಷ್ಯ ಏನಂದ್ರೆ, 1978ರಲ್ಲಿ ಹುಟ್ಟಿದ ಮಗನಿಗೆ ಸೆರೆಬ್ರಲ್ ಪಾಲ್ಸಿ, ಮಾತು ಬರಲ್ಲ. 80ರ ದಶಕದ ಮೊದಲಲ್ಲಿ ಗಂಡ ಹೆಂಡತಿ ಇಬ್ಬರೂ ದಿನಪೂರ್ತಿ ಆ ಮಗು ಜೊತೆ ಒಂದು ಕಠಿಣವಾದ ತರಬೇತಿ ಮಾಡ್ತಿದ್ರು, ಹೊರಗಡೆ ಹೋಗೋಕೂ ಸಮಯ ಇರ್ಲಿಲ್ಲ. ಟ್ರಾನ್ಸಲ್ಲಿ ಯಂತ್ರದೊಳಗಿಂದ ಒಂದು ದನಿ ಏನೋ ಹೇಳೋಕೆ ನೋಡ್ತಿದೆ, ನಮಗೆ ಪದ ಸರಿಯಾಗಿ ಕೇಳ್ಸಲ್ಲ, ಅರ್ಥ ಆಗಲ್ಲ. ಅದೇ ಹಾಡಿನ ವಿಷ್ಯ. ನಿಮಗೆ ನನ್ ಮಾತು ಅರ್ಥ ಆಗಲ್ಲ, ನನಗೆ ಮಗನ ಮಾತು ಅರ್ಥ ಆಗಲ್ಲ ಅನ್ನೋ ತರ ಅವನು ಎಷ್ಟೋ ವರ್ಷ ಆದ್ಮೇಲೆ ವಿವರಿಸ್ದ.

ಜನರ ಮನಸ್ಸು ನಿಜವಾಗಿ ತಿರುಗಿದ್ದು 1993ರಲ್ಲಿ, ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮದಲ್ಲಿ ಟ್ರಾನ್ಸ್‌ಫಾರ್ಮರ್ ಮ್ಯಾನ್ ಹಾಡನ್ನ ಅಕೂಸ್ಟಿಕ್ ಆಗಿ ಹಾಡ್ದ. ಯಂತ್ರ ತೆಗೆದಿಟ್ರೆ ಅದು ಸೀದಾ ಸೀದಾ ಜೋಗುಳ, ಅಪ್ಪ ಮಗನಿಗೆ ಹಾಡ್ತಿರೋದು. ರಿಮೋಟ್ ಬಟನ್ನು ಒತ್ತೋದರ ಬಗ್ಗೆ ಬರೋ ಸಾಲುಗಳು ಹಳೇ ರೆಕಾರ್ಡಲ್ಲಿ ಸೈನ್ಸ್ ಫಿಕ್ಷನ್ ತರ ಇದ್ದಿದ್ದು, ಇಲ್ಲಿ ಆಟಿಕೆ ರೈಲು ಓಡ್ಸೋ ಮಗು ಕಣ್ಮುಂದೆ ಬರುತ್ತೆ (ಆ ಮಗುಗೋಸ್ಕರ ಅವನು ಮನೇಲಿ ಆಟಿಕೆ ರೈಲಿನ ದೊಡ್ಡ ವ್ಯವಸ್ಥೆನೇ ಮಾಡಿದ್ದ, ತಲೆಯಿಂದಲೋ ಕೈಯಿಂದಲೋ ತಟ್ಟಿದ್ರೆ ರೈಲು ಹೊರಡೋ ತರ ದೊಡ್ಡ ಬಟನ್ನು). ವೋಕೋಡರ್ ಬಗ್ಗೆ ದೂರು ಹೇಳ್ತಿದ್ದೋರು ಅವತ್ತಿಂದ ಸುಮ್ನಾದ್ರು.

ಇದರಲ್ಲಿ ನನಗೊಂದು ತಕರಾರಿದೆ. ಈಗ ಯಾರಿಗಾದ್ರೂ ಟ್ರಾನ್ಸ್ ಕೊಡೋಕೆ ಮುಂಚೆ ಮಗನ ಕಥೆ ಹೇಳ್ತೀವಿ, ಕೇಳ್ದೋರು ಪಾಪ ಅಂತ ಕರಗಿ ಆಮೇಲೆ ಹಾಡು ಕೇಳ್ತಾರೆ, ಹೀಗಿರ್ವಾಗ ಚೆನ್ನಾಗಿಲ್ಲ ಅನ್ನೋಕೆ ಯಾರಿಗಾದ್ರೂ ಬಾಯಿ ಬರುತ್ತಾ? ಕಂಪ್ಯೂಟರ್ ಏಜ್ ಮತ್ತೆ ಟ್ರಾನ್ಸ್‌ಫಾರ್ಮರ್ ಮ್ಯಾನ್ ಎರಡೂ ಕಥೆ ಇಲ್ದೆನೂ ನಿಲ್ಲುತ್ತೆ. ಕಂಪ್ಯೂಟರ್ ಕೌಬಾಯ್ ಯಾವ ಕಥೆ ಕೊಟ್ರೂ ನಿಲ್ಲಲ್ಲ.

ರೆಕಾರ್ಡ್ ಕಂಪನಿ ಅವನ ಮೇಲೆ ಕೇಸ್ ಹಾಕಿದ್ದು ನಿಜವಾ?

ನಿಜ. 1983ರಲ್ಲಿ ಗೆಫನ್ ರೆಕಾರ್ಡ್ಸ್ 33 ಲಕ್ಷ ಡಾಲರ್‌ಗೆ ದಾವೆ ಹೂಡಿತ್ತು, ನೀಲ್ ಯಂಗ್ ನೀಲ್ ಯಂಗ್ ತರ ಹಾಡ್ತಿಲ್ಲ ಅನ್ನೋದೇ ಆರೋಪ! ಟ್ರಾನ್ಸ್ ಆದ್ಮೇಲೆ ಸ್ವಲ್ಪ ರಾಕ್ ಅಂಡ್ ರೋಲ್ ಮಾಡಪ್ಪಾ ಅಂತ ಕೇಳಿದ್ರು, ಇವನು ಪಿಂಕ್ ಸೂಟ್ ಹಾಕ್ಕೊಂಡು 50ರ ದಶಕದ ಶೈಲಿಯಲ್ಲಿ ಎವ್ರಿಬಡೀಸ್ ರಾಕಿನ್ ಅಂತ ಒಂದು ಕೊಟ್ಟ, ಇಡೀ ಆಲ್ಬಮ್ ಇಪ್ಪತ್ತೈದು ನಿಮಿಷ ಕೂಡ ಇಲ್ಲ. ಕೇಳಿದ್ದನ್ನೇ ಕೊಟ್ಟೆ ಅಂತ ವಾದ. ಆಮೇಲೆ ಕೇಸ್ ವಾಪಸ್ ತಗೊಂಡ್ರು, ಡೇವಿಡ್ ಗೆಫನ್ ಕ್ಷಮೆನೂ ಕೇಳ್ದ. ಫ್ಯಾನ್ಸ್ ಮನಸಲ್ಲಿ ಆ ಕಾಲದ ಬಗ್ಗೆ ಇರೋ ಅರ್ಧ ಪ್ರೀತಿ ಈ ಕೇಸಿಂದ ಬಂದಿದ್ದು, ಸಂಗೀತದಿಂದಲ್ಲ.

ಹಾಗಾದ್ರೆ 80ರ ದಶಕದ ಎಲ್ಲವೂ ಈಗ ಒಳ್ಳೇದು ಅಂತಾನಾ?

ಇಲ್ಲಪ್ಪಾ. ಲ್ಯಾಂಡಿಂಗ್ ಆನ್ ವಾಟರ್ (1986) ಆಗಲೂ ಕೆಟ್ಟದಿತ್ತು ಈಗಲೂ ಕೆಟ್ಟದೇ, ಡ್ರಮ್ ಸದ್ದು ತಗಡಿನ ಶೀಟ್ ಮೇಲೆ ಬಡಿದಂಗಿದೆ. ಈಗೊಂದು ಚಾಳಿ ಶುರುವಾಗಿದೆ, ಬೈಸ್ಕೊಂಡ ಆಲ್ಬಮ್ಮೆಲ್ಲಾ ಯಾರಿಗೂ ಅರ್ಥ ಆಗದ ಮಾಸ್ಟರ್‌ಪೀಸು ಅಂತ ಹೇಳೋದು, ಒಬ್ಬ ಹೇಳ್ತಾನೆ ಅಂತ ಹತ್ತು ಜನ ಹೌದು ಹೌದು ಅಂತಾರೆ, ಕೇಳಿರೋದು ಎಷ್ಟು ಜನವೋ ದೇವರಿಗೇ ಗೊತ್ತು. ಓಲ್ಡ್ ವೇಸ್ ಅನ್ನೋ ಆಲ್ಬಮ್ಮು, ಅಮೆರಿಕದ ಹಳ್ಳಿ ಕಡೆಯ ಕಂಟ್ರಿ ಸಂಗೀತ ಇಷ್ಟ ಪಡೋರಿಗೆ ಪರವಾಗಿಲ್ಲ.

90ರ ದಶಕದಲ್ಲಿ ಇದ್ದಕ್ಕಿದ್ದಂಗೆ ಹುಡುಗರಿಗೆಲ್ಲ ಹೀರೋ ಆಗಿದ್ದು ಹೇಗೆ?

ಇದ್ದಕ್ಕಿದ್ದಂಗೆ ಅಲ್ಲ. 1979ರ ರಸ್ಟ್ ನೆವರ್ ಸ್ಲೀಪ್ಸ್‌ನ ಎರಡನೇ ಸೈಡಿನ ಕರಕರ ಅನ್ನೋ ಗಿಟಾರ್ ಕೇಳಿ ಬೆಳೆದ ಮಕ್ಕಳು ಹತ್ತು ವರ್ಷ ಆದ್ಮೇಲೆ ತಾವೇ ಬ್ಯಾಂಡ್ ಕಟ್ಟಿದ್ರು. 1989ರಲ್ಲಿ ಫ್ರೀಡಂ ಬಂತು, 1990ರಲ್ಲಿ ಕ್ರೇಜಿ ಹಾರ್ಸ್ ಜೊತೆ ರ‍್ಯಾಗೆಡ್ ಗ್ಲೋರಿ, 1991ರ ಟೂರಲ್ಲಿ ಸೋನಿಕ್ ಯೂತ್ ಬ್ಯಾಂಡನ್ನ ಮೊದಲು ನುಡಿಸೋಕೆ ಕರ್ಕೊಂಡ್ ಹೋದ. ಆ ಟೂರಿನ ಫೀಡ್‌ಬ್ಯಾಕ್ (ಸ್ಪೀಕರ್ ಹತ್ರ ಗಿಟಾರ್ ಹಿಡಿದಾಗ ಬರೋ ಕೀರಲು ಸದ್ದು) ಚೂರುಗಳನ್ನೆಲ್ಲ ಅಂಟಿಸಿ ಮೂವತ್ತೈದು ನಿಮಿಷದ ಆರ್ಕ್ ಅಂತ ಒಂದು ಮಾಡ್ದ, ಅದನ್ನ ಪೂರ್ತಿ ಎರಡು ಸಲ ಕೇಳಿದೀನಿ ಅನ್ನೋರನ್ನ ನಂಬ್ಬೇಡಿ. 1995ರಲ್ಲಿ ಪರ್ಲ್ ಜ್ಯಾಮ್ ಬ್ಯಾಂಡ್ ಜೊತೆ ಮಿರರ್ ಬಾಲ್. ಗ್ರಂಜ್‌ಗೆ, ಅಂದ್ರೆ ಆ ಕಾಲದ ಕರಕರ ಗಿಟಾರಿನ ರಾಕ್ ಸಂಗೀತಕ್ಕೆ, ಅಪ್ಪ ಅಂತ ಹೆಸರು ಬಂತು.

ಹೊಸ ಹುಡುಗರು ಬಂದು ಹಳೇ ಆಲ್ಬಮ್‌ಗಳ ಕ್ರಮಾಂಕನೇ ಬದಲಾಯಿಸಿದ್ರು ನೋಡಿ. ಅವರಿಗೆ ಹಾರ್ವೆಸ್ಟ್ ಅಪ್ಪ ಅಮ್ಮನ ಆಲ್ಬಮ್ಮು, ಕ್ರೇಜಿ ಹಾರ್ಸ್ ಜೊತೆ ಮಾಡಿದ ಜೂಮಾ (1975) ತಮ್ಮದು. ಒಡಕು, ಕೊಳಕು, ಶ್ರುತಿ ತಪ್ಪೋದು ಇವೆಲ್ಲ ಆ ಹೊತ್ತಿಗೆ ಪ್ರಾಮಾಣಿಕತೆಯ ಗುರುತಾಗಿತ್ತು, ಹಾಗಾಗಿ ಟುನೈಟ್ಸ್ ದ ನೈಟ್ ತಾನಾಗೇ ಮೇಲಕ್ಕೆ ಬಂತು. ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್ 1994ರಲ್ಲಿ ಸಾಯೋಕೆ ಮುಂಚೆ ಬರೆದ ಚೀಟಿಯಲ್ಲಿ ರಸ್ಟ್ ನೆವರ್ ಸ್ಲೀಪ್ಸ್ ಆಲ್ಬಮ್ಮಿನ ಒಂದು ಸಾಲು ಇತ್ತು. ಆಮೇಲೆ ಆ ಹಾಡನ್ನ ಮೊದಲಿನ ತರ ಕೂಗಿ ಹಾಡೋಕೆ ಕೇಳೋರಿಗೂ ಕಷ್ಟ ಆಯ್ತು.

ಹಾರ್ವೆಸ್ಟ್ ಮೂನ್ ಬಂದಾಗ ಗ್ರಂಜ್ ಫ್ಯಾನ್ಸ್ ಬೇಜಾರ್ ಮಾಡ್ಕೊಂಡ್ರಾ?

ಸ್ವಲ್ಪ. ಆದ್ರೆ ಕಾರಣ ಸರಳ, 1991ರ ಸದ್ದಿಗೆ ಕಿವಿಯಲ್ಲಿ ಗುಂಯ್ ಅನ್ನೋಕೆ ಶುರುವಾಗಿ ಮೆತ್ತಗಿರೋದು ಮಾಡ್ಲೇಬೇಕಾಯ್ತು. ಇಪ್ಪತ್ತು ವರ್ಷ ಹಿಂದೆ ಬೆನ್ನು, ಈಗ ಕಿವಿ. ಹಾರ್ವೆಸ್ಟ್‌ನಲ್ಲಿ ನುಡಿಸಿದ್ದೋರನ್ನೇ ಕರೆಸಿ 1992ರಲ್ಲಿ ಮಾಡಿದ್ದು. ಇವತ್ತು ಆ ಟೈಟಲ್ ಹಾಡು ಅಲ್ಲಿನ ಮದುವೆಗಳಲ್ಲಿ ಗಂಡು ಹೆಣ್ಣು ಡ್ಯಾನ್ಸ್ ಮಾಡೋಕೆ ಹಾಕ್ತಾರೆ, ಹಿಂದೆ ಸರ್ ಸರ್ ಅಂತ ತಾಳ ಬರುತ್ತಲ್ಲ ಅದು ಪೊರಕೆಯಿಂದ ನೆಲ ಗುಡಿಸೋ ಸದ್ದು, ತಮಾಷೆಗೆ ಹೇಳ್ತಿಲ್ಲ.

ಗ್ರೀನ್‌ಡೇಲ್, ಲಿವಿಂಗ್ ವಿತ್ ವಾರ್ ಇವುಗಳ ಕಾಲದಲ್ಲಿ ಜನ ಎದ್ದು ಹೋದ್ರಂತೆ?

ಗ್ರೀನ್‌ಡೇಲ್ (2003) ಒಂದು ಊರಿನ ಕುಟುಂಬದ ಕಥೆ, ಹತ್ತು ಹಾಡು. ಆಲ್ಬಮ್ ಬರೋಕೂ ಮುಂಚೆ ಸ್ಟೇಜಲ್ಲಿ ಪೂರ್ತಿ ಹಾಡ್ತಿದ್ದ, 1973ರ ಬುದ್ಧಿ ಮೂವತ್ತು ವರ್ಷ ಆದ್ರೂ ಹೋಗಿರ್ಲಿಲ್ಲ. ಹಳೇ ಹಾಡು ಹಾಡಪ್ಪಾ ಅಂತ ಕೂಗಿದ್ರು. ಈಗ ಅದಕ್ಕೆ ನಿಷ್ಠಾವಂತ ಗುಂಪಿದೆ, ನಾನು ಅದರಲ್ಲಿಲ್ಲ, ಬೀ ದ ರೇನ್ ಒಂದು ಬಿಟ್ಟು.

ಲಿವಿಂಗ್ ವಿತ್ ವಾರ್ (2006) ವಿಷ್ಯ ಬೇರೆ. ಇರಾಕ್ ಯುದ್ಧದ ವಿರುದ್ಧ ಹೆಚ್ಚೂಕಡಿಮೆ ಒಂದು ವಾರದಲ್ಲಿ ಬರೆದು ಹಾಡಿದ್ದು, ಬುಷ್‌ನ ಇಳಿಸಿ ಅನ್ನೋ ಹಾಡೇ ಇದೆ. ಆ ವರ್ಷ ಕ್ರಾಸ್ಬಿ ಸ್ಟಿಲ್ಸ್ ನ್ಯಾಶ್ ಜೊತೆ ಟೂರ್ ಮಾಡ್ದಾಗ ಅಟ್ಲಾಂಟಾದಲ್ಲಿ ಆ ಹಾಡು ಶುರು ಆಗ್ತಿದ್ದಂಗೆ ಜನ ಬೈಕೊಂಡು ಎದ್ದು ಹೋದ್ರು, ಅವನೇ ತೆಗೆದ ಸಾಕ್ಷ್ಯಚಿತ್ರದಲ್ಲಿ ಅದು ಹಾಗೇ ಇದೆ, ಮುಚ್ಚಿಟ್ಟಿಲ್ಲ. 1970ರಲ್ಲಿ ಇದೇ ನಾಲ್ಕು ಜನ ಕೆಂಟ್ ಸ್ಟೇಟ್ ಗುಂಡೇಟಿನ ಬಗ್ಗೆ (ಯುದ್ಧದ ವಿರುದ್ಧ ಪ್ರತಿಭಟನೆ ನಡೀತಿದ್ದ ಯೂನಿವರ್ಸಿಟಿಯಲ್ಲಿ ಸೈನಿಕರು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ್ದು) ಹಾಡಿದ್ದಕ್ಕೆ ಪ್ರೀತಿಸಿದ ಜನರ ನಡುವೆನೇ ಎದ್ದು ಹೋದ ಇವರೂ ಕೂತಿದ್ರು ಅನ್ನೋದು ನೆನಪಿರ್ಲಿ. ಹಾಡಾಗಿ ಅದು ಈಗ ಹಳೇ ಪೇಪರ್ ತರ, ಅವತ್ತಿನ ಸಿಟ್ಟು ಗೊತ್ತಿದ್ದೋರಿಗೆ ಮಾತ್ರ.

ಹೋಮ್‌ಗ್ರೋನ್ 2020ರ ಆಲ್ಬಮ್ಮಾ 1975ರದ್ದಾ?

ಎರಡೂ ಹೌದು. 1974-75ರಲ್ಲಿ ಮಾಡಿ ಕವರ್ ಕೂಡ ರೆಡಿ ಇತ್ತು. ಬಿಡೋಕೆ ಮುಂಚೆ ಸ್ನೇಹಿತರನ್ನ ಕೂರಿಸಿ ಟೇಪ್ ಹಾಕ್ದ, ಅದರ ಹಿಂದೆನೇ ಅದೇ ಟೇಪಲ್ಲಿ ಟುನೈಟ್ಸ್ ದ ನೈಟ್ ಇತ್ತು. ದ ಬ್ಯಾಂಡ್ ಅನ್ನೋ ಹೆಸರಿನ ಬ್ಯಾಂಡಿನ ರಿಕ್ ಡ್ಯಾಂಕೊ ಎರಡನ್ನೂ ಕೇಳಿ ಇದನ್ನೇ ಬಿಡು ಅಂತ ಟುನೈಟ್ಸ್ ದ ನೈಟ್ ಕಡೆ ಕೈ ತೋರ್ಸಿದ, ಇವನು ಹಾಗೇ ಮಾಡ್ದ. ಹೋಮ್‌ಗ್ರೋನ್ ತನ್ನ ಮುರಿದ ಸಂಬಂಧದ ಬಗ್ಗೆ, ತುಂಬಾ ಖಾಸಗಿ, ಆಮೇಲೆ ಕೇಳೋಕೇ ಆಗ್ಲಿಲ್ಲ ಅಂತ ಹೇಳ್ಕೊಂಡಿದಾನೆ.

ನಲವತ್ತೈದು ವರ್ಷ ಅದು ಕಳೆದುಹೋದ ನಿಧಿ. ಬಂದ ಮೇಲೆ? ಚೆನ್ನಾಗಿದೆ, ಇಂಪಾಗಿದೆ, ಆದ್ರೆ ಡ್ಯಾಂಕೊ ಕಿವಿ ಸರಿಯಾಗೇ ಇತ್ತು. ಮಧ್ಯದಲ್ಲಿ ಎರಡು ಮೂರು ಕಡೆ ಸುಮ್ನೆ ಹರಟೆ. 2017ರಲ್ಲಿ ಬಂದ ಹಿಚ್‌ಹೈಕರ್ ನನಗೆ ಇದಕ್ಕಿಂತ ಜಾಸ್ತಿ ಹಿಡಿಸ್ತು, 1976ರಲ್ಲಿ ಒಂದೇ ರಾತ್ರಿ ಗಿಟಾರ್ ಹಿಡ್ಕೊಂಡು ಹಾಡಿದ್ದು. ಹೀಗೆ ಡ್ರಾಯರಿಂದ ಒಂದೊಂದೇ ಹೊರಗೆ ಬರ್ತಿರೋದ್ರಿಂದ 70ರ ದಶಕದ ಪಟ್ಟಿ ಇನ್ನೂ ಮುಗಿದಿಲ್ಲ, ಫ್ಯಾನ್ಸ್ ಜಗಳನೂ ಮುಗಿಯಲ್ಲ.

ಇತ್ತೀಚಿನ ಆಲ್ಬಮ್‌ಗಳ ಬಗ್ಗೆ ಯಾರೂ ಮಾತೇ ಆಡಲ್ಲ ಯಾಕೆ?

ಸಂಖ್ಯೆ ಜಾಸ್ತಿ ಆಯ್ತು. ವರ್ಷಕ್ಕೆ ಒಂದು ಹೊಸದು, ಎರಡು ಹಳೇದು ಬಂದ್ರೆ ಯಾರು ಎಷ್ಟು ಕೇಳ್ತಾರೆ. ಎಲೆಕ್ಟ್ರಿಕ್ ಕಾರಿನ ಬಗ್ಗೆ ಒಂದು ಆಲ್ಬಮ್ಮು, ಮೊನ್ಸಾಂಟೊ ಬೀಜದ ಕಂಪನಿ ಬಗ್ಗೆ ಒಂದು, ತಲೇಲಿ ಏನಿತ್ತೋ ಅದೇ ಬರುತ್ತೆ. ಫೋರ್ಕ್ ಇನ್ ದ ರೋಡ್ ಬಂದಾಗ ನಕ್ಕೋರು ಈಗ ಅವನು ಎಲೆಕ್ಟ್ರಿಕ್ ಗಾಡಿ ಬಗ್ಗೆ 2009ರಲ್ಲೇ ಹೇಳಿದ್ದ ಅಂತಾರೆ, ಸರಿ ಹೇಳಿದ್ದ, ಹಾಡು ಇನ್ನೂ ಸಪ್ಪೆನೇ. ಸೈಕೆಡೆಲಿಕ್ ಪಿಲ್ (2012) ಮಾತ್ರ ಬಿಡಬೇಡಿ, ಮೊದಲ ಹಾಡೇ ಇಪ್ಪತ್ತೇಳು ನಿಮಿಷ, ನಡುವೆ ಎಂಪಿ3 ಕ್ವಾಲಿಟಿನ ಬೈತಾನೆ.

ಸ್ಪಾಟಿಫೈನಲ್ಲಿ ಸಿಗುತ್ತಾ?

2022ರ ಜನವರಿಯಲ್ಲಿ ಜೋ ರೋಗನ್ ಪಾಡ್‌ಕಾಸ್ಟಿನ ಕೋವಿಡ್ ಲಸಿಕೆ ಮಾತಿಗೆ ಸಿಟ್ಟಾಗಿ ಎಲ್ಲಾ ತೆಗೆಸಿದ್ದ, 2024ರಲ್ಲಿ ವಾಪಸ್ ಬಂತು. ತೆಗೆಸಿದಾಗ ಚಪ್ಪಾಳೆ ಹೊಡೆದೋರು, ಬೈದೋರು, ವಾಪಸ್ ಬಂದಾಗ ಎಲ್ರೂ ಪ್ಲೇಲಿಸ್ಟ್ ಸರಿ ಮಾಡ್ಕೊಂಡ್ರು.

ನಾನು ಹೊಸಬ, ಎಲ್ಲಿಂದ ಶುರು ಮಾಡ್ಲಿ?

ಆಫ್ಟರ್ ದ ಗೋಲ್ಡ್ ರಶ್ (1970). ಇದನ್ನೂ ಬಂದಾಗ ರೋಲಿಂಗ್ ಸ್ಟೋನ್ ಸಾಧಾರಣ ಅಂದಿತ್ತು, ಆಮೇಲೆ ಯಾರೂ ಹಾಗಂದಿಲ್ಲ. ಅದು ಹಿಡಿಸಿದ್ರೆ ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್ (1969), ಅದರಲ್ಲಿ ಸಿನಮನ್ ಗರ್ಲ್ ಹಾಡಿನ ಗಿಟಾರ್ ಸೋಲೋ ಒಂದೇ ಸ್ವರ, ಅದನ್ನೇ ಮತ್ತೆ ಮತ್ತೆ ಮೀಟ್ತಾನೆ, ಅದು ನಿಮಗೆ ಖುಷಿ ಕೊಟ್ರೆ ನೀವು ಸಿಕ್ಕಾಕ್ಕೊಂಡ್ರಿ ಅಂತ ಲೆಕ್ಕ. ಆಮೇಲೆ ಮ್ಯಾಸಿ ಹಾಲ್, ಆಮೇಲೆ ಆನ್ ದ ಬೀಚ್ ಎರಡನೇ ಸೈಡು, ಆಮೇಲೆ ಟುನೈಟ್ಸ್ ದ ನೈಟ್. ಟ್ರಾನ್ಸ್ ಕೇಳೋದಾದ್ರೆ ನಾನು ಮೇಲೆ ಹೇಳಿದ ಕಥೆ ಮರೆತು ಕೇಳಿ, ಆಗಲ್ಲ ಅಂತ ಗೊತ್ತು, ಆದ್ರೂ. ಕಮ್ಸ್ ಎ ಟೈಮ್ (1978) ಮನೆಯವರ ಜೊತೆ ಕೂತು ಕೇಳೋಕೆ ಸರಿ. ಅದರ ಮೊದಲ ಪ್ರತಿಗಳ ಸದ್ದು ಸರಿಯಿಲ್ಲ ಅಂತ ಎರಡು ಲಕ್ಷ ಎಲ್‌ಪಿ ತನ್ನ ದುಡ್ಡಲ್ಲೇ ವಾಪಸ್ ಕೊಂಡ್ಕೊಂಡು ಕೊಟ್ಟಿಗೆ ಛಾವಣಿಗೆ ಹೆಂಚಿನ ತರ ಹೊದಿಸ್ದೆ ಅಂತ ಅವನೇ ಹೇಳಿದಾನೆ. ಈಗ ಸಿಗೋ ಪ್ರತಿಗಳ ಸದ್ದು ಸರಿಯಾಗೇ ಇದೆ, ಧೈರ್ಯವಾಗಿ ತಗೊಳ್ಳಿ.